ಅಪ್ರೆಂಟಿಸ್‌ಗಳಿಗೆ ಸನ್ಮಾನ ಮಾಡುತ್ತೀರಾ? ಮೊದಲು ಅವರ ಕೆಲಸ ನೋಡಿ

ಕಸುಬು ಕಲಿಯುತ್ತಿರುವ ಹುಡುಗ ಹುಡುಗಿಯರನ್ನು ಸನ್ಮಾನಿಸಬೇಕು ಅಂತ ಕ್ಲಬ್ಬಿನ ಸಭೆಯಲ್ಲಿ ಮಾತು ಬಂದರೆ, ಮರುಕ್ಷಣವೇ ಮುಖ್ಯ ಅತಿಥಿ ಯಾರು ಅನ್ನುವ ಚರ್ಚೆ ಶುರುವಾಗುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ.

ಮೊದಲು ಹೆಸರು ಬೇಕು. ಮಾಲೀಕರಿಗೆ ಪತ್ರ ಹಾಕಿ ಸುಮ್ನೆ ಕೂತರೆ ಅವರಿಗೆ ಬೇಕಾದವರ ಹೆಸರು ಬರುತ್ತದೆ. ಪಕ್ಕದಲ್ಲಿ ನಿಂತು ಕೆಲಸ ಕಲಿಸುವ ಮೇಸ್ತ್ರಿಯನ್ನೇ ಹೋಗಿ ಮಾತಾಡಿಸಿ. "ಒಳ್ಳೆ ಹುಡುಗಿ, ಶ್ರದ್ಧೆ ಇದೆ" ಅಂದರೆ ಅಲ್ಲಿಗೇ ಬಿಡಬೇಡಿ. "ಯಾವ ಕೆಲಸವನ್ನು ನೀವು ಮತ್ತೆ ನೋಡದೆ ಅವಳ ಕೈಗೆ ಬಿಡುತ್ತೀರಿ?" ಅಂತ ಕೇಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಆಯ್ಕೆಗೆ ಆ ಕಸುಬು ಬಲ್ಲ ಒಬ್ಬರಾದರೂ ಕೂರಲೇಬೇಕು. ವೆಲ್ಡ್ ಮಾಡಿದ ತುಂಡನ್ನು ನನ್ನಂಥವನು ನೋಡಿದರೆ ಗಟ್ಟಿಯಾಗಿದೆ ಅನ್ನಬಹುದು, ಅಷ್ಟೇ. ಬಲ್ಲವರು ಬೆರಳಾಡಿಸಿ, ಬೀಡ್, ಅಂದರೆ ಬೆಸುಗೆಯ ಗೆರೆ, ಶುರುವಿನಿಂದ ಕೊನೆವರೆಗೆ ಒಂದೇ ಅಗಲ ಇದೆಯಾ, ಅಂಚಿನಲ್ಲಿ ಲೋಹ ಕೊರೆದುಹೋಗಿದೆಯಾ, ಸೂಜಿಮೊನೆಯಷ್ಟು ತೂತೇನಾದರೂ ಬಿದ್ದಿದೆಯಾ ಅಂತ ಹುಡುಕುತ್ತಾರೆ. ಕಸುಬು ಕಲಿತ ಯುವಜನರ ಅಂತರರಾಷ್ಟ್ರೀಯ ಸ್ಪರ್ಧೆಯಾದ ವರ್ಲ್ಡ್‌ಸ್ಕಿಲ್ಸ್‌ನಲ್ಲಿ ಅಳೆದು ಕೊಡುವ ಅಂಕ ಬೇರೆ, ನೋಡಿ ತೀರ್ಮಾನಿಸುವ ಅಂಕ ಬೇರೆ. ನೀವೂ ಹಾಗೇ ಮಾಡಿ. ಬಡಗಿಯನ್ನೂ ಎಲೆಕ್ಟ್ರಿಷಿಯನ್‌ನನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಅಷ್ಟೇ.

ದಿನ ಯಾವುದಾದರೂ ಆಗುತ್ತದೆ. ರೋಟರಿಯವರಿಗೆ ಜನವರಿ ವೃತ್ತಿ ಸೇವೆಯ ತಿಂಗಳು. ಉಳಿದವರಿಗೆ ಜುಲೈ 15 ಇದೆ, ವಿಶ್ವ ಯುವ ಕೌಶಲ ದಿನ ಅಂತ ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿದ್ದು. ಆದರೆ ಹೊತ್ತು ಮಾತ್ರ ನೋಡಿ ಇಡಿ. ನಾವು ಮೊದಲ ಸಲ ಕೆಲಸದ ದಿನ ಬೆಳಿಗ್ಗೆ 11ಕ್ಕೆ ಇಟ್ಟುಕೊಂಡು ಕೆಟ್ಟೆವು. ಎಂಟು ಜನರಲ್ಲಿ ಬಂದವರು ಮೂವರು, ಅದರಲ್ಲೂ ಒಬ್ಬ ಅರ್ಧ ದಿನದ ಸಂಬಳ ಕಳೆದುಕೊಂಡು ಬಂದಿದ್ದ. ಅವನ ಸನ್ಮಾನಕ್ಕೆ ಅವನೇ ದುಡ್ಡು ಕೊಟ್ಟ ಹಾಗಾಯಿತು, ಅಲ್ವಾ? ಆಮೇಲಿಂದ ಸಂಜೆಯೇ.

ಉಡುಗೊರೆಗೆ ಫಲಕಕ್ಕಿಂತ ಉಪಕರಣ ವಾಸಿ. ಫಿಟ್ಟರ್‌ಗೆ ವರ್ನಿಯರ್ ಕ್ಯಾಲಿಪರ್, ಎಲೆಕ್ಟ್ರಿಷಿಯನ್‌ಗೆ ಮಲ್ಟಿಮೀಟರ್, ಹೀಗೆ. ಯಾವುದು ಅಂತ ಮೇಸ್ತ್ರಿಯನ್ನು ಕೇಳಿಯೇ ತನ್ನಿ, ಯಾಕೆಂದರೆ ಕಳಪೆ ಮಾಲು ಅಂತ ಆ ಹುಡುಗರಿಗೆ ಕೈಗೆತ್ತಿಕೊಂಡ ತಕ್ಷಣ ಗೊತ್ತಾಗುತ್ತದೆ, ಕೊಟ್ಟ ನಮಗೆ ಗೊತ್ತಾಗುವುದಿಲ್ಲ.

ಆ ದಿನ ಬಾಗಿಲ ಹತ್ತಿರವೇ ಒಂದು ಮೇಜು ಹಾಕಿ, ಅವರು ಮಾಡಿದ ಕೆಲಸ ಇಡಿ. ಮುಟ್ಟಬೇಡಿ ಅನ್ನುವ ಚೀಟಿ ಬೇಡ, ಜನ ಎತ್ತಿ ತಿರುಗಿಸಿ ನೋಡಲಿ. ಬಹುಮಾನ ಕೊಡುವಾಗ ಮೇಸ್ತ್ರಿಯನ್ನೂ ವೇದಿಕೆಗೆ ಕರೆಯಿರಿ, ಎರಡು ನಿಮಿಷ ಅವರೇ ಮಾತಾಡಲಿ, ಬೇಕಾದರೆ ಅಧ್ಯಕ್ಷರ ಭಾಷಣದಲ್ಲಿ ಕತ್ತರಿಸಿ.

ಸರ್ಟಿಫಿಕೇಟಿನಲ್ಲಿ "ಉತ್ತಮ ಸಾಧನೆಗಾಗಿ" ಅಂತ ಬರೆಯಬೇಡಿ. ಯಾವ ಕಸುಬು, ಎಷ್ಟನೇ ವರ್ಷ, ಯಾವ ಕೆಲಸ ನೋಡಿ ಕೊಟ್ಟಿದ್ದು, ಇಷ್ಟೂ ಇರಲಿ. ಅಚ್ಚಿಗೆ ಕೊಡುವ ಮುಂಚೆ ಹೆಸರಿನ ಕಾಗುಣಿತ ಆಯಾ ಹುಡುಗರಿಗೇ ತೋರಿಸಿ.