ಫಾರ್ಮ್ಯಾಟ್ ಹೊಡೆಯದೆ ರಿಸ್ಟೋರ್ ಮಾಡಿದ್ದು: ಒಂದು ಹೊಸ ಲ್ಯಾಪ್‌ಟಾಪಿನ ಅನುಭವ

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಉಡುಪಿ ಹೋಟೆಲಿನ ಗಲ್ಲಾ ಮೇಲಿದ್ದ ಲ್ಯಾಪ್‌ಟಾಪ್. ತಂದು ಎರಡು ತಿಂಗಳಾಗಿತ್ತೇನೋ. 8 ಜಿಬಿ ರ್‍ಯಾಮ್, 512ರ ಎಸ್‌ಎಸ್‌ಡಿ, ವಿಂಡೋಸ್ 11. ಬಟನ್ ಒತ್ತಿದರೆ ಬಿಲ್ಲಿಂಗ್ ಪರದೆ ಕೈಗೆ ಸಿಗಲು ಹತ್ತಿರಹತ್ತಿರ ನಾಲ್ಕು ನಿಮಿಷ. ಥರ್ಮಲ್ ಪ್ರಿಂಟರಿಗೆ ಯಾರೋ ತಪ್ಪು ಡ್ರೈವರ್ ಹಾಕಿದ್ದರು. ಹಳೆ ತಾರೀಖಿಗೆ ಹೋಗೋಣವೆಂದರೆ ರಿಸ್ಟೋರ್ (ಡ್ರೈವರು, ಸೆಟ್ಟಿಂಗುಗಳನ್ನು ಹಿಂದಿನ ಸ್ಥಿತಿಗೆ ಒಯ್ಯುವ ವಿಂಡೋಸಿನ ಸೌಲಭ್ಯ) ಅರ್ಧ ಗಂಟೆ ಸುತ್ತಿ 80070005 ತೋರಿಸಿ ನಿಲ್ಲುತ್ತಿತ್ತು. ನನಗಿಂತ ಮೊದಲು ನೋಡಿದ ಇಬ್ಬರದೂ ಒಂದೇ ಮಾತು, ಫಾರ್ಮ್ಯಾಟ್. ಅದಕ್ಕೆ 1,500, ಬಿಲ್ಲಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಮತ್ತೆ ಹಾಕಿಸಲು ಮೂರು ಸಾವಿರದ ಆಸುಪಾಸು, ಮೇಲೆ ಒಂದು ದಿನದ ವ್ಯಾಪಾರ. ಎರಡು ರೋಗಕ್ಕೂ ಬೇರು ಒಂದೇ ಅಂತ ನಾನು ಹೇಳಿದಾಗ ಧಣಿಗಳೂ ನಂಬಲಿಲ್ಲ. "ಫಾರ್ಮ್ಯಾಟ್ ಮಾಡಿ ಮುಗಿಸಿಬಿಡಿ ಮಾರಾಯ್ರೆ, ನಾಳೆ ಶನಿವಾರ" ಅಂದರು.

80070005 ಅಂದರೆ ಆಕ್ಸೆಸ್ ಡಿನೈಡ್. ರಿಸ್ಟೋರ್ ಬದಲಿಸಹೊರಟ ಫೈಲನ್ನು ಮುಟ್ಟಲು ಬೇರೆ ಯಾವುದೋ ಬಿಡುತ್ತಿಲ್ಲ. ಹೆಚ್ಚಿನ ಸಲ ಅದು ಆಂಟಿವೈರಸ್ಸೇ. ಈ ಯಂತ್ರದೊಂದಿಗೆ ಬಂದಿದ್ದ ಟ್ರಯಲ್ ಆಂಟಿವೈರಸ್ಸನ್ನು ಮೊದಲ ವಾರವೇ ಸೆಟ್ಟಿಂಗ್ಸಿನಿಂದ ತೆಗೆದಿದ್ದರಂತೆ. ತೆಗೆದಿದ್ದು ಮುಖವನ್ನು ಮಾತ್ರ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಎಫ್‌ಎಲ್‌ಟಿಎಂಸಿ (fltmc) ಅಂತ ಟೈಪ್ ಮಾಡಿ, ಫಿಲ್ಟರ್ ಡ್ರೈವರುಗಳ, ಅಂದರೆ ಫೈಲಿನ ದಾರಿಯಲ್ಲಿ ಕಾವಲು ನಿಲ್ಲುವ ಡ್ರೈವರುಗಳ, ಪಟ್ಟಿ ಬರುತ್ತದೆ. ಅದರ ಆಲ್ಟಿಟ್ಯೂಡ್ ಕಾಲಂ ನೋಡಿ, ಯಾವ ಡ್ರೈವರ್ ಯಾವ ಮಟ್ಟದಲ್ಲಿದೆ ಎನ್ನುವ ಸಂಖ್ಯೆ ಅಲ್ಲಿರುತ್ತದೆ. 320000ದಿಂದ 329998ರವರೆಗಿನ ಜಾಗ ಆಂಟಿವೈರಸ್ಸಿನದು. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಡಬ್ಲ್ಯುಡಿಫಿಲ್ಟರ್ 328010ರಲ್ಲಿ ಕೂರುತ್ತದೆ. ಬೇರೆ ಆಂಟಿವೈರಸ್ ಇಲ್ಲದ ಯಂತ್ರದಲ್ಲಿ ಆ ಜಾಗದಲ್ಲಿ ಅದೊಂದೇ ಸಾಲು ಇರಬೇಕು. ಇಲ್ಲಿ ಎರಡಿದ್ದವು. ಪ್ರತಿ ಫೈಲ್ ತೆರೆಯುವಾಗಲೂ ಎರಡು ಕಡೆ ತಪಾಸಣೆ. ಸ್ಟಾರ್ಟಪ್ ನಿಧಾನ ಆಗಿದ್ದೂ ರಿಸ್ಟೋರ್ ನಿಂತಿದ್ದೂ ಇದರಿಂದಲೇ.

ಕೈ ಹಾಕುವ ಮೊದಲು ಅಳತೆ ತೆಗೆಯಿರಿ. ಈವೆಂಟ್ ವ್ಯೂವರಿನಲ್ಲಿ ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್ ಲಾಗಿನ 100ನೇ ಈವೆಂಟ್ ಬೂಟಿನ, ಅಂದರೆ ಯಂತ್ರ ಎದ್ದೇಳುವ, ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. 101 ತಡಮಾಡಿದ ಆ್ಯಪ್, 102 ಡ್ರೈವರ್, 103 ಸರ್ವಿಸ್. ನೆನಪಿದ್ದಂತೆ ಇಲ್ಲಿ ಒಟ್ಟು 2,10,000ದ ಆಚೀಚೆ ಇತ್ತು, ಅಂದರೆ ಮೂರೂವರೆ ನಿಮಿಷ. ಅಳೆಯುವಾಗ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟೇ ಮಾಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ, ವಿಂಡೋಸಿನ ತಿರುಳಾದ ಕರ್ನಲ್ ಡಿಸ್ಕಿನಲ್ಲಿ ಮಲಗಿರುತ್ತದೆ. ಹೋಟೆಲಿನವರು ದಿನಾ ರಾತ್ರಿ ಶಟರ್ ಎಳೆಯುವ ಮೊದಲು ಬಂದ್ ಮಾಡುತ್ತಿದ್ದರೂ ಟಾಸ್ಕ್ ಮ್ಯಾನೇಜರಿನ ಅಪ್‌ಟೈಮ್ ಹನ್ನೊಂದು ದಿನ ತೋರಿಸುತ್ತಿತ್ತು!

ಇನ್ನು ರಿಕವರಿ ಕೀ. ಹೊಸ ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಡೇಟಾಕ್ಕೆ ಹಾಕುವ ಬೀಗ) ತಾನಾಗಿಯೇ ಆನ್ ಆಗಿರುವುದು ಸಾಮಾನ್ಯ. ವಿಂಡೋಸ್ ಏಳುವ ಮೊದಲೇ ದುರಸ್ತಿಗೆಂದು ತೆರೆಯುವ ರಿಕವರಿ ಪರದೆಗೆ ಹೋದರೆ 48 ಅಂಕಿಯ ಕೀ ಕೇಳುತ್ತದೆ. ಅದು ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಆಗಿದೆಯೋ ಅವರ ಬಳಿ ಇರುತ್ತದೆ. ಅಂಗಡಿಯ ಹುಡುಗ ತನ್ನದೇ ಈಮೇಲ್ ಹಾಕಿಕೊಟ್ಟಿದ್ದರೆ ಕೀ ಅವನ ಖಾತೆಯಲ್ಲಿ! ಮೊದಲು ಕೀ ಬರೆದಿಟ್ಟುಕೊಳ್ಳಿ, ಬಿಲ್ಲಿಂಗ್ ಡೇಟಾ ಪೆನ್‌ಡ್ರೈವಿಗೆ ಹಾಕಿ, ಆಮೇಲೆ ಕೆಲಸ.

ಮೊದಲ ಸಲ ಕ್ರಮ ತಪ್ಪಿತು, ಅದರಿಂದ ಅರ್ಧ ದಿನ ಹೋಯಿತು. ಬೇಕೇಬೇಕಾದ ಡ್ರೈವರುಗಳಷ್ಟೇ ಏಳುವ ಸೇಫ್ ಮೋಡಿನಲ್ಲಿ ಆಂಟಿವೈರಸ್ ಕಂಪನಿಯ ರಿಮೂವಲ್ ಟೂಲ್ ಓಡಿಸಿ ಡ್ರೈವರ್ ಕಿತ್ತೆ. ಬೂಟ್ ಚುರುಕಾಯಿತು. ರಿಸ್ಟೋರ್ ಕೊಟ್ಟೆ. 80070005 ಮಾಯ, ಅದರ ಜಾಗಕ್ಕೆ 80070091. ಡೈರೆಕ್ಟರಿ ಖಾಲಿಯಿಲ್ಲ ಅಂತ ಅದರ ಅರ್ಥ, ಸಿಕ್ಕಿಬೀಳುವುದು ಪ್ರೋಗ್ರಾಂ ಫೈಲ್ಸ್ ಒಳಗಿನ ವಿಂಡೋಸ್‌ಆ್ಯಪ್ಸ್ ಫೋಲ್ಡರಿನಲ್ಲಿ. ರಿಕವರಿಯ ಕಮಾಂಡ್ ಪ್ರಾಂಪ್ಟಿಗೆ ಹೋಗಿ, ಅಟ್ರಿಬ್ ಕಮಾಂಡಿನಿಂದ ಆ ಫೋಲ್ಡರಿನ ಹಿಡನ್ ಗುರುತು ತೆಗೆದು, ಹೆಸರಿನ ಕೊನೆಗೆ ಡಾಟ್ ಓಲ್ಡ್ ಸೇರಿಸಿದೆ. ಅಲ್ಲಿ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ಕಾಣಬಹುದು, ಫೈಲುಗಳ ಪಟ್ಟಿ ಕೊಡುವ ಡಿಐಆರ್ ಹೊಡೆದು ಖಾತ್ರಿ ಮಾಡಿಕೊಂಡೇ ಮುಟ್ಟಿ. ರಿಸ್ಟೋರ್ ಮುಗಿಯಿತು, ಪ್ರಿಂಟರ್ ಬಿಲ್ ಉಗುಳಿತು. ಆದರೆ ಬೂಟ್ ಮತ್ತೆ ಮೂರೂವರೆ ನಿಮಿಷ! ಎಫ್‌ಎಲ್‌ಟಿಎಂಸಿ ನೋಡಿದರೆ ಎರಡನೇ ಸಾಲು ಮರಳಿ ಕೂತಿದೆ. ರಿಸ್ಟೋರ್ ಪಾಯಿಂಟ್, ಅಂದರೆ ಹಿಂದಿನ ತಾರೀಖಿನಲ್ಲಿ ಉಳಿಸಿಟ್ಟ ಸ್ಥಿತಿ, ವಿಂಡೋಸಿನ ಸೆಟ್ಟಿಂಗುಗಳ ಉಗ್ರಾಣವಾದ ರಿಜಿಸ್ಟ್ರಿಯನ್ನು ಹಿಂದಕ್ಕೆ ಒಯ್ಯುವಾಗ ಕಿತ್ತ ಡ್ರೈವರನ್ನೂ ಎಬ್ಬಿಸಿ ತಂದಿತ್ತು. ಟೂಲನ್ನು ಇನ್ನೊಮ್ಮೆ ಓಡಿಸಬೇಕಾಯಿತು.

ಈಗ ನನ್ನ ಕ್ರಮ ಬೇರೆ. ಮೊದಲು ನೇರ ರಿಕವರಿ ಪರದೆಯಿಂದಲೇ ರಿಸ್ಟೋರ್. ಅಲ್ಲಿ ಆಂಟಿವೈರಸ್ ಎದ್ದಿರುವುದಿಲ್ಲ, ಅದರಿಂದ ಬರುವ 80070005ಕ್ಕೆ ಅವಕಾಶವಿಲ್ಲ. ಆಮೇಲೆ ರಿಮೂವಲ್ ಟೂಲ್. ಆದರೆ ಅಲ್ಲಿಂದ ಮಾಡಿದ ರಿಸ್ಟೋರನ್ನು ಅನ್‌ಡೂ ಮಾಡಲು ಬರುವುದಿಲ್ಲ, ತಾರೀಖು ನೋಡಿ ಒತ್ತಿ. ಈ ಕ್ರಮದಲ್ಲಿ ಠಾಣೆ, ಮುಲುಂಡ್ ಕಡೆಯ ಆರೇಳು ಯಂತ್ರ ಎದ್ದಿವೆ, ಒಂದಕ್ಕೂ ಫಾರ್ಮ್ಯಾಟ್ ಬೇಕಾಗಲಿಲ್ಲ.

ನಡುವೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಆ್ಯಪ್‌ಗಳನ್ನು ಮೊದಲೇ ಮೆಮೊರಿಗೆ ತಂದಿಡುವ ಸಿಸ್‌ಮೇನ್ ಸರ್ವಿಸ್ ಬಂದ್ ಮಾಡಿದೆ, ಏನೂ ಫರಕಿಲ್ಲ. ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ ತಂದು ಹಾಕಿದೆ. ಎರಡು ಸಾವಿರದ ಮೇಲೆ ಬಿತ್ತು, ಬೂಟಿಗೆ ನಾಲ್ಕೈದು ಸೆಕೆಂಡಿನ ಲಾಭವೂ ಆಗಲಿಲ್ಲ. ಬೂಟಿನ ಸೆಟ್ಟಿಂಗುಗಳಿರುವ ಎಂಎಸ್‌ಕಾನ್ಫಿಗ್‌ನಲ್ಲಿ ನಂಬರ್ ಆಫ್ ಪ್ರೊಸೆಸರ್ಸ್‌ಗೆ ಟಿಕ್ ಹಾಕಿದರೆ ವೇಗ ಬರುತ್ತದೆ ಎಂದು ಇನ್ನೂ ಹೇಳುವವರಿದ್ದಾರೆ. ಆ ಟಿಕ್ ಇರುವುದು ಪ್ರೊಸೆಸರ್ ಕಡಿಮೆ ಮಾಡಲು. ಗಿರಾಕಿಯ ಯಂತ್ರದಲ್ಲಿ ಅದು ಕಂಡರೆ ಕೂಡಲೇ ತೆಗೆಯಿರಿ.

ಇನ್ನೊಂದು ಕೊರತೆ, ರಿಸ್ಟೋರ್ ಪಾಯಿಂಟೇ ಇಲ್ಲದಿರುವುದು. ಹೊಸ ಯಂತ್ರದಲ್ಲಿ ಪಾಯಿಂಟ್‌ಗಳನ್ನು ಉಳಿಸುವ ಸಿಸ್ಟಂ ಪ್ರೊಟೆಕ್ಷನ್ ಎಷ್ಟೋ ಸಲ ಆಫ್ ಇರುತ್ತದೆ, ಇದ್ದರೂ ಜಾಗ ಸಾಲದೆ ಹಳೆಯದನ್ನು ಅಳಿಸುತ್ತದೆ. ವಿಎಸ್‌ಎಸ್ ಅಡ್ಮಿನ್ ಕಮಾಂಡಿನಿಂದ ಶ್ಯಾಡೋ ಸ್ಟೋರೇಜ್, ಅಂದರೆ ಪಾಯಿಂಟ್‌ಗಳನ್ನು ಇಡುವ ಜಾಗ, 15 ಜಿಬಿ ಮಾಡಿದ್ದೇನೆ. 512ರ ಡಿಸ್ಕಿನಲ್ಲಿ ಕಾಣುವ 476ರಲ್ಲಿ ಅದು ಭಾರವಲ್ಲ. ಸ್ಕ್ರಿಪ್ಟಿನಿಂದ ಪಾಯಿಂಟ್ ಮಾಡಿಸುವುದಿದ್ದರೆ ವಿಂಡೋಸ್ 24 ಗಂಟೆಗೆ ಒಂದೇ ಬಿಡುತ್ತದೆ. ರಿಜಿಸ್ಟ್ರಿಯ ಸಿಸ್ಟಂರಿಸ್ಟೋರ್‌ಪಾಯಿಂಟ್‌ಕ್ರಿಯೇಷನ್‌ಫ್ರೀಕ್ವೆನ್ಸಿ ಸೊನ್ನೆ ಮಾಡಿದರೆ ಆ ಮಿತಿ ಹೋಗುತ್ತದೆ. ಗಲ್ಲಾ ಮುಚ್ಚುವ ಹೊತ್ತಿಗೆ ಪಾಯಿಂಟ್ ಮಾಡಿ, ಮಾಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವ ನನ್ನ ಸ್ಕ್ರಿಪ್ಟನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಈಗ ಆ ಲ್ಯಾಪ್‌ಟಾಪ್ ರೀಸ್ಟಾರ್ಟಿನಿಂದ ಬಿಲ್ಲಿಂಗ್ ಪರದೆಗೆ ಬರಲು ಸುಮಾರು 40 ಸೆಕೆಂಡು. ಅದರಲ್ಲಿ 11 ಸೆಕೆಂಡು ಲಾಸ್ಟ್ ಬಯಾಸ್ ಟೈಮ್ (ವಿಂಡೋಸಿಗೆ ಕೈದಾಟಿಸುವ ಮೊದಲು ಯಂತ್ರ ತನ್ನ ಭಾಗಗಳನ್ನು ಎಬ್ಬಿಸುವ ಹೊತ್ತು), ಅದನ್ನು ವಿಂಡೋಸ್ ಒಳಗಿನಿಂದ ಇಳಿಸಲಾಗದು. ಬ್ಯಾಕಪ್ಪಿನ ಪೆನ್‌ಡ್ರೈವ್ ಚುಚ್ಚಿಯೇ ಬಿಟ್ಟಿದ್ದರು, ತೆಗೆದ ಮೇಲೆ ಅದೂ 7ಕ್ಕೆ ಇಳಿಯಿತು.