ಗರಗಸ, ಧೂಳೆಳೆಯುವ ಮೆಷಿನ್ ಒಂದೇ ಪ್ಲಗ್ಗಿನಲ್ಲಿ: ಎಂಸಿಬಿ ಬೀಳದ ಹಾಗೆ

ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚೇ ಎಂಸಿಬಿ. ಅದು ಬೀಳಬಾರದೆಂದರೆ ಮೊದಲು ಎರಡೂ ಮೆಷಿನ್ನಿನ ಲೇಬಲ್ ನೋಡಿ. ವ್ಯಾಟನ್ನು 230ರಿಂದ (ಮನೆಯ ವೋಲ್ಟೇಜ್) ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1400 ವ್ಯಾಟಿನ ಸರ್ಕ್ಯುಲರ್ ಗರಗಸಕ್ಕೆ ಸುಮಾರು 6, 1200 ವ್ಯಾಟಿನ ವ್ಯಾಕ್ಯೂಮ್‌ಗೆ 5ಕ್ಕೆ ತುಸು ಹೆಚ್ಚು. ಒಟ್ಟು 11ರ ಮೇಲೆ. ಫ್ಯಾನು, ಲೈಟಿನ ಪಕ್ಕದ 6 ಆಂಪಿಯರ್ ಸಾಕೆಟ್ಟಿಗೆ ಇದು ಆಗದ ಮಾತು. ಗೀಸರಿಗೋ ಎಸಿಗೋ ಕೊಟ್ಟ 16 ಆಂಪಿಯರ್ ಪಾಯಿಂಟೇ ಬೇಕು, ಆಗ ಗೀಸರ್ ಆಫ್ ಇರಲಿ.

ಮೋಟಾರು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಒಂದು ಪೂರ್ಣ ವೇಗಕ್ಕೆ ಬಂದ ಮೇಲೆ ಇನ್ನೊಂದು. ಆದರೂ ಎಂಸಿಬಿ ಬೀಳುತ್ತಿದ್ದರೆ ದೊಡ್ಡದು ಹಾಕಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆಗ ಸುಡುವುದು ಗೋಡೆಯೊಳಗಿನ ವೈರು.

ಎಕ್ಸ್‌ಟೆನ್ಷನ್ ವೈರು 2.5 ಚದರ ಮಿ.ಮೀ. ತಾಮ್ರದ್ದು, ಮೂರು ಎಳೆಯದ್ದು, 16 ಆಂಪಿಯರ್ ಪ್ಲಗ್ಗಿನದ್ದಾಗಿರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿ, ಸುತ್ತಿಟ್ಟರೆ ಒಳಗೇ ಕಾದು ಇನ್ಸುಲೇಷನ್ ಕರಗುತ್ತದೆ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಮುಟ್ಟಿ. ಚೆನ್ನಾಗಿ ಬಿಸಿಯಿದ್ದರೆ ಸಾಕೆಟ್ಟಿನ ಹಿಡಿತ ಸಡಿಲ, ಬದಲಿಸಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ. ಶಾಕ್‌ನಿಂದ ಕಾಪಾಡುವ ಕೆಲಸ ಎಂಸಿಬಿಯದ್ದಲ್ಲ.