ಕೆಳಗಿನ ಎಲೆ ಸುಡುವುದನ್ನು ಬಿಟ್ಟೆ

ಬೀನ್ಸ್ ಗಿಡ ಇನ್ನೂ ಎರಡು ಎಲೆ ಬಿಟ್ಟಿರುತ್ತದೆ ಅಷ್ಟೇ. ಆಗಲೇ ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕಿಗಳು ಕಾಣುತ್ತವೆ. ಕೆಲವು ದಿನ ಕಳೆದರೆ ಒಂದು ಸಣ್ಣ ಬಿಳಿ ಗೆರೆ. ಅದು ಸುತ್ತಿ ಸುತ್ತಿ, ದಪ್ಪವಾಗುತ್ತಾ ಎಲೆಯೆಲ್ಲಾ ಹರಡುತ್ತದೆ. ರಂಗೋಲಿ ಹುಳು ಅನ್ನುವುದು ಇದಕ್ಕೇ. ನನ್ನ ಬೀನ್ಸ್ ಮತ್ತು ಟೊಮೆಟೊದಲ್ಲಿ ಇದ್ದದ್ದು ಲಿರಿಯೊಮೈಜಾ ಜಾತಿಯ ನೊಣದ ಮರಿಹುಳು. ನೊಣ ಎರಡು ಮಿಲಿಮೀಟರ್ ಆಸುಪಾಸು, ಕಪ್ಪು ಹಳದಿ ಬಣ್ಣ.

ಮೊದಲ ಎರಡು ಬೆಳೆಯಲ್ಲಿ ವಾರಕ್ಕೊಂದು ಸಲ ಔಷಧಿ ಹೊಡೆದೆ. ಗೆರೆ ಬಿದ್ದ ಕೆಳಗಿನ ಎಲೆಗಳನ್ನು ಕಿತ್ತು, ರಾಶಿ ಹಾಕಿ ಸುಟ್ಟೆ. ಒಂದು ವಾರವೂ ತಪ್ಪಿಸಲಿಲ್ಲ. ಆದರೂ ಗೆರೆಗಳು ಜಾಸ್ತಿಯಾಗುತ್ತಲೇ ಹೋದವು.

ಒಂದು ಸಲ ಕೀಟಗಳ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಹಿರಿಯರೊಬ್ಬರು ಬೆಳೆ ನೋಡಲು ಬಂದರು. ಕಿತ್ತು ಹಾಕಿದ್ದ ರಾಶಿಯಿಂದ ಒಂದು ಎಲೆ ಎತ್ತಿ ಬಿಸಿಲಿಗೆ ಅಡ್ಡ ಹಿಡಿದರು. "ಈ ಸುರಂಗದ ಕೊನೇಲಿ ಏನಿದೆ ಅಂತ ಯಾವತ್ತಾದ್ರೂ ಬಿಡಿಸಿ ನೋಡಿದ್ದೀರಾ?" ಅಂತ ಕೇಳಿದರು. ನಾನು ನೋಡಿರಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟರು.

ಒಂದು ಗೆರೆ ಉದ್ದಕ್ಕೆ ಹೋಗಿ, ಅದರ ತುದಿಯಲ್ಲಿ ಸಣ್ಣ ಸೀಳು ಇತ್ತು. ಒಳಗೆ ಖಾಲಿ. ಹುಳು ಬೆಳೆದು, ಎಲೆ ಸೀಳಿಕೊಂಡು ಮಣ್ಣಿಗೆ ಬಿದ್ದಾಗಿತ್ತು. ಇನ್ನೊಂದು ಗೆರೆ ಅರ್ಧಕ್ಕೇ ನಿಂತಿತ್ತು. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಕಾಳು, ಅದರ ಸುತ್ತ ಕಂಬ ನೆಟ್ಟ ಹಾಗೆ ಕೆಲವು ಕಪ್ಪು ಚುಕ್ಕಿಗಳು. "ಇದು ಕಣಜದ ಕೋಶ. ನೀವು ಸುಡ್ತಾ ಇರೋದು ಇದನ್ನ" ಅಂದರು.

ಆ ಮಾತು ಕೇಳಿ ಹೊಟ್ಟೆ ಚುರ್ ಅಂದಿತು. ಲೆಕ್ಕ ನೋಡಿ: ನೊಣದ ಹುಳು ಕೋಶ ಕಟ್ಟುವುದು ಹೆಚ್ಚಾಗಿ ಮಣ್ಣಿನಲ್ಲಿ. ಕೆಳಗಿನ ಎಲೆ ಹಳೆಯದಾಗುವಷ್ಟರಲ್ಲಿ ಅದು ಇಳಿದು ಹೋಗಿರುತ್ತದೆ. ಕಣಜ ಮಾತ್ರ ಎಲೆಯೊಳಗೇ ಉಳಿದಿರುತ್ತದೆ. ಅಂದರೆ ಹಳೆ ಎಲೆ ಸುಟ್ಟಾಗಲೆಲ್ಲ ಶತ್ರು ತಪ್ಪಿಸಿಕೊಂಡು ನನ್ನ ಪರವಾಗಿ ದುಡಿಯುವ ಜೀವವೇ ಸಾಯುತ್ತಿತ್ತು.

ಈ ಕಣಜದ ಹೆಸರು ಡಿಗ್ಲಿಫಸ್. ನಮಗೆ ಕಚ್ಚುವ ಕಣಜ ಅಂದುಕೊಳ್ಳಬೇಡಿ. ಒಂದೆರಡು ಮಿಲಿಮೀಟರ್ ಉದ್ದ, ಕಪ್ಪಿನಲ್ಲಿ ಹಸಿರು ಹೊಳಪು, ಗಿಡ್ಡ ಮೀಸೆ. ಹೆಣ್ಣು ಎಲೆ ಮೇಲೆ ಮೀಸೆಯಿಂದ ತಟ್ಟುತ್ತಾ ನಡೆಯುತ್ತದೆ. ಹುಳು ಇರುವ ಜಾಗ ಸಿಕ್ಕರೆ ಎಲೆಯ ಮೇಲಿಂದಲೇ ಚುಚ್ಚುತ್ತದೆ. ಹುಳು ಅಲ್ಲೇ ನಿಶ್ಚಲವಾಗುತ್ತದೆ, ಮತ್ತೆ ತಿನ್ನುವುದಿಲ್ಲ. ಅದರ ಪಕ್ಕದಲ್ಲಿ ಒಂದು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಕಣಜದ ಮರಿ ಹೊರಗಿನಿಂದಲೇ ಹುಳುವನ್ನು ಹೀರಿ ಮುಗಿಸುತ್ತದೆ. ಆಮೇಲೆ ತನ್ನ ಹಿಕ್ಕೆಯಿಂದ ಸುರಂಗದೊಳಗೆ ಸಣ್ಣ ಕಂಬಗಳನ್ನು ನಿಲ್ಲಿಸಿಕೊಳ್ಳುತ್ತದೆ. ಎಲೆ ಒಣಗಿ ಕುಗ್ಗಿದರೂ ಕೋಶ ಜಜ್ಜಿ ಹೋಗಬಾರದಲ್ವಾ, ಅದಕ್ಕೆ. ನಾನು ನೋಡಿದ ಕಪ್ಪು ಚುಕ್ಕಿಗಳು ಅವೇ. ಹೆಣ್ಣು ಎಲ್ಲಾ ಹುಳುವಿಗೂ ಮೊಟ್ಟೆ ಇಡುವುದಿಲ್ಲ. ಕೆಲವನ್ನು ಚುಚ್ಚಿ, ರಸ ಕುಡಿದು ಸುಮ್ನೆ ಬಿಟ್ಟು ಹೋಗುತ್ತದೆ. ಅವೂ ಸಾಯುತ್ತವೆ.

ಮಾರನೇ ದಿನ ಗಾಜಿನ ಜಾಡಿ ತಗೊಂಡೆ. ತಳಕ್ಕೆ ಕಾಗದ, ಮೇಲೆ ಹತ್ತಿಪ್ಪತ್ತು ಎಲೆ, ಬಾಯಿಗೆ ತೆಳು ಬಟ್ಟೆ. ನೆರಳಲ್ಲಿ ಇಟ್ಟೆ. ಎರಡು ದಿನಕ್ಕೆ ಕಾಗದದ ಮೇಲೆ ಕಂದು ಕಾಳುಗಳು ಬಿದ್ದವು. ಅವು ನೊಣದ ಕೋಶ. ಅವನ್ನು ಬೇರೆ ಡಬ್ಬಿಗೆ ಹಾಕಿದೆ. ವಾರದೊಳಗೆ ಎಲೆಗಳಿಂದ ಹಸಿರು ಹೊಳಪಿನ ಕಣಜಗಳು ಹೊರಬಂದು ಬಟ್ಟೆಯ ಕೆಳಗೆ ಓಡಾಡಲು ಶುರು ಮಾಡಿದವು. ನನಗೆ ಹೆಚ್ಚು ಆಶ್ಚರ್ಯವಾದದ್ದು ಇನ್ನೊಂದು ಡಬ್ಬಿ ನೋಡಿ. ಕಂದು ಕಾಳುಗಳಲ್ಲಿ ಕೆಲವದರಿಂದ ನೊಣ ಬಂತು, ಕೆಲವದರಿಂದ ಉದ್ದ ಮೀಸೆಯ ಬೇರೆಯೇ ಕಣಜ ಬಂತು. ಡ್ಯಾಕ್ನುಸಾ, ಓಪಿಯಸ್ ಗುಂಪಿನ ಕಣಜಗಳು ಹೀಗೆ ಮಾಡುತ್ತವೆ. ಹುಳುವಿನ ಒಳಗೇ ಮೊಟ್ಟೆ ಇಡುತ್ತವೆ. ಹುಳು ಬದುಕಿದ್ದು, ತಿಂದು, ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಆದರೆ ಆ ಕೋಶದಿಂದ ನೊಣ ಹುಟ್ಟುವುದಿಲ್ಲ. ಹಾಗಾಗಿ ಉದ್ದ ಗೆರೆ ಕಂಡ ಕೂಡಲೇ ಸೋತೆವು ಅಂದುಕೊಳ್ಳಬೇಕಾಗಿಲ್ಲ.

ಆವತ್ತಿನಿಂದ ಔಷಧಿ ನಿಲ್ಲಿಸಿದೆ. ನೊಣದ ಹುಳು ಎಲೆಯ ಎರಡು ಪದರದ ಮಧ್ಯೆ ಕೂತಿರುತ್ತದೆ, ಮೇಲೆ ಬಿದ್ದ ಬಹಳಷ್ಟು ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಎಲೆ ಮೇಲೆ ಓಡಾಡುವ ಕಣಜಕ್ಕೆ ಮಾತ್ರ ನೇರವಾಗಿ ತಗಲುತ್ತದೆ. ಇದು ಹೊಸ ವಿಷಯವೂ ಅಲ್ಲ. ಟೊಮೆಟೊಗೆ ಮೆಥೋಮಿಲ್ ಅನ್ನುವ ಕೀಟನಾಶಕ ಹೊಡೆದ ಮೇಲೆ ಈ ನೊಣ ಇನ್ನೂ ಹೆಚ್ಚಾಯಿತು ಅಂತ 1976ರಲ್ಲೇ ವಿಜ್ಞಾನಿಗಳು ಬರೆದಿದ್ದಾರೆ. ಅದರ ಜೊತೆಗೆ ನೊಣ ಒಂದಾದ ಮೇಲೊಂದು ಔಷಧಿಗೆ ಒಗ್ಗಿಕೊಳ್ಳುತ್ತದೆ.

ಮೊದಲ ಮೂರು ವಾರ ಕಷ್ಟವಾಯಿತು, ನಿಜ. ದಿನಾ ಬೆಳಿಗ್ಗೆ ಹೊಸ ಗೆರೆ ಕಂಡರೆ ಕೈ ಸ್ಪ್ರೇಯರ್ ಕಡೆಗೇ ಹೋಗುತ್ತಿತ್ತು. ಆಗ ನನ್ನನ್ನು ತಡೆದದ್ದು ಎಣಿಕೆ. ವಾರಕ್ಕೊಂದು ದಿನ ಬೇರೆ ಬೇರೆ ಸಾಲಿನಿಂದ 50 ಎಲೆ ಕೀಳುತ್ತಿದ್ದೆ. ಸೂಜಿಯಿಂದ ಸುರಂಗದ ತುದಿ ಬಿಡಿಸಿ ನೋಡುತ್ತಿದ್ದೆ. ಬದುಕಿರುವ ಹುಳು ಹೊಳೆಯುವ ಹಳದಿ. ಅದರ ಬಾಯಿಯ ಕಪ್ಪು ಕೊಕ್ಕೆ ಆ ಕಡೆ ಈ ಕಡೆ ಆಡುತ್ತಲೇ ಇರುತ್ತದೆ. ಕಣಜ ಚುಚ್ಚಿದ ಹುಳು ಮಂಕಾಗಿ, ಮೆತ್ತಗಾಗಿ ಬಿದ್ದಿರುತ್ತದೆ. ಪಕ್ಕದಲ್ಲಿ ಕಣಜದ ಮರಿ ಅಥವಾ ಕೆಂಪು ಕಣ್ಣಿನ ಹಸಿರು ಕೋಶ ಇರಬಹುದು. ಕೋಶ ಬಲಿತಂತೆ ಕಪ್ಪಾಗುತ್ತದೆ. ಬದುಕಿದ್ದು ಎಷ್ಟು, ಸತ್ತದ್ದು ಎಷ್ಟು ಅಂತ ಪುಸ್ತಕದಲ್ಲಿ ಬರೆದೆ. ನಾಲ್ಕನೇ ವಾರಕ್ಕೆ ಸತ್ತವೇ ಜಾಸ್ತಿಯಾದವು. ಗೆರೆಗಳೂ ಗಿಡ್ಡವಾದವು. ಈಗ ನಾನು ಮೊದಲು ನೋಡುವುದು ಗೆರೆ ಎಷ್ಟಿದೆ ಅಂತಲ್ಲ, ಎಷ್ಟು ಉದ್ದ ಇದೆ ಅಂತ.

ಬೀನ್ಸ್, ಟೊಮೆಟೊ ಆದ್ದರಿಂದ ಹೀಗೆ ಕಾಯಲು ಆಯಿತು. ಕಾಯಿಗೆ ಈ ಹುಳು ಬೀಳುವುದಿಲ್ಲ, ಕೆಳಗಿನ ಒಂದಷ್ಟು ಎಲೆ ಹಾಳಾದರೂ ಗಿಡ ತಡೆದುಕೊಳ್ಳುತ್ತದೆ. ಎಲೆಯನ್ನೇ ಮಾರುವ ಸೊಪ್ಪಿನ ಬೆಳೆಗೆ ಇಷ್ಟು ತಾಳ್ಮೆ ಸಾಧ್ಯವಿಲ್ಲ. ಎಳೆ ಸಸಿಗಳನ್ನೂ ಜೋಪಾನ ಮಾಡಬೇಕು. ಸಸಿಮಡಿಗೆ ನಾನು ಸಣ್ಣ ಕಣ್ಣಿನ ಪರದೆ ಕಟ್ಟುತ್ತೇನೆ. ನೆನಪಿಡಿ, ಪೂರ್ತಿ ಪರದೆ ಕಟ್ಟಿದ ಮನೆಯೊಳಗೆ ಕಣಜ ತಾನಾಗಿ ಬರಲು ದಾರಿ ಇರುವುದಿಲ್ಲ. ಅಲ್ಲಿ ನಾವೇ ತಂದು ಬಿಡಬೇಕು.

ಹಳದಿ ಅಂಟು ಹಲಗೆಗಳನ್ನೂ ಕಮ್ಮಿ ಮಾಡಿದೆ. ಅದಕ್ಕೆ ಕಣಜವೂ ಅಂಟಿಕೊಳ್ಳುತ್ತದೆ. ನೊಣ ಬಂದಿದೆಯಾ ಅಂತ ತಿಳಿಯಲು ಒಂದೆರಡು ಸಾಕು. ಬದುವಿನಲ್ಲಿ ಕೊತ್ತಂಬರಿ, ಸಬ್ಬಸಿಗೆಯನ್ನು ಹೂವಿಗೆ ಬಿಟ್ಟಿದ್ದೇನೆ. ಕಣಜಕ್ಕೆ ಅದರ ಮಕರಂದ ಸಿಗುತ್ತದೆ.

ಒಂದು ಬೆಳೆಯಲ್ಲಿ ತಪ್ಪಿದೆ. ನುಸಿ ಬಂತು ಅಂತ ಗಾಬರಿಯಾಗಿ ಎಲ್ಲವನ್ನೂ ಕೊಲ್ಲುವಂಥ ಔಷಧಿ ಹೊಡೆದೆ. ಮೂರು ವಾರದಲ್ಲಿ ಉದ್ದ ಉದ್ದ ಗೆರೆಗಳು ವಾಪಸ್ ಬಂದವು. ಬಿಡಿಸಿ ನೋಡಿದರೆ ಎಲ್ಲದರಲ್ಲೂ ಹಳದಿ ಹುಳು, ಎಲ್ಲವೂ ಜೀವಂತ. ಆ ಪುಟ ಈಗಲೂ ಪುಸ್ತಕದಲ್ಲಿದೆ. ಈಗ ತೀರಾ ಬೇಕಾದರೆ ಬೇವಿನದ್ದು ಹೊಡೆಯುತ್ತೇನೆ, ಅದೂ ಹುಳು ಬಿದ್ದ ಸಾಲಿಗೆ ಮಾತ್ರ.

ಕಿತ್ತ ಎಲೆಗಳನ್ನು ಈಗ ಎರಡು ಪಾಲು ಮಾಡುತ್ತೇನೆ. ಹಳದಿ ಹುಳು ಓಡಾಡುತ್ತಿರುವ ಎಲೆಗಳು ಬಟ್ಟೆ ಕಟ್ಟಿದ ಡ್ರಮ್ಮಿಗೆ. ಕಪ್ಪು ಕೋಶ ಇರುವ ಹಳೆ ಎಲೆಗಳು ತೂತಿರುವ ಕ್ರೇಟಿಗೆ. ಕ್ರೇಟನ್ನು ಸಾಲಿನ ತುದಿಯಲ್ಲಿ, ನೆರಳಲ್ಲಿ, ಮಳೆ ಬೀಳದ ಹಾಗೆ ಎರಡು ವಾರ ಇಡುತ್ತೇನೆ. ಪಕ್ಕದ ಮಡಿಯಲ್ಲಿ ಹೊಸ ಬೀನ್ಸ್ ಎದ್ದು ಮೊದಲ ಗೆರೆ ಕಂಡರೆ ಕ್ರೇಟನ್ನು ಅಲ್ಲಿಗೇ ಎತ್ತಿಕೊಂಡು ಹೋಗುತ್ತೇನೆ. ಹೋದ ವಾರ ಹಾಗೆ ಇಟ್ಟು ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತೆ. ಒಣ ಎಲೆಯ ಮೇಲೆ ಸೂಜಿಮೊನೆಯಷ್ಟು ತೂತು ಕಂಡಿತು. ಅದರ ಹತ್ತಿರವೇ ಒಂದು ಕಣಜ ಕೂತು ರೆಕ್ಕೆ ಸರಿಮಾಡಿಕೊಳ್ಳುತ್ತಿತ್ತು. ಆಮೇಲೆ ಹಾರಿ ಹತ್ತಿರದ ಸಸಿಯ ಎಲೆ ಮೇಲೆ ಕೂತು ಮೀಸೆಯಿಂದ ತಟ್ಟಲು ಶುರು ಮಾಡಿತು.